ಸಂದಿನ ಸೊಪ್ಪು

ಭಾನುವಾರ ದೊಡ್ಡನೆಕ್ಕುಂದಿಯ ಅಕ್ಕನ ಮನೆಯಿಂದ ವಾಪಸ್ ಬಂದು ಗೇಟಿನ ಮುಂದೆ ಆಟೋ ಇಳಿದಾಗ, ನಮ್ಮ ಮನೆಯೋ ಬೇರೆಯವರ ಮನೆಯೋ ಎಂದು ಒಂದು ಕ್ಷಣ ಗಲಿಬಿಲಿಯಾಯಿತು. ಮನೆಯ ಮುಂದಿನ ಕಾಂಕ್ರೀಟು ಬೋಳುಬೋಳಾಗಿತ್ತು. ಹಿಂದಿನ ದಿನ ಮಧ್ಯಾಹ್ನ ನಾನು ಹೊರಟಾಗ ಅದರ ಸಂದುಗಳ ತುಂಬ ಹಸಿರು ಸೊಪ್ಪು ಸೊಕ್ಕಿ ನಿಂತಿತ್ತು. ಈಗ ಹುಡುಕಿದರೂ ಒಂದು ಎಲೆ ಇಲ್ಲ.

ನನ್ನ ಗಂಡ ಸಂಗಮೇಶ್ ಪೋರ್ಟಿಕೋದಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದರು.

"ಹೆಂಗೈತಿ ನೋಡು ಶೈಲಾ, ನಮ್ಮ ಡ್ರೈವ್‌ವೇ?"

ಡ್ರೈವ್‌ವೇ ಅನ್ನುವುದು ಅವರ ಮಾತು. ಕಾರು ಗೇಟಿನಿಂದ ಪೋರ್ಟಿಕೋಗೆ ಬರಲೆಂದು ಹಾಸಿದ ಕಾಂಕ್ರೀಟಿಗೆ ನಾನು ಅಂಗಳ ಅನ್ನುತ್ತೇನೆ. ರಾಣೆಬೆನ್ನೂರಿನ ಕಡೆಯವರಾದ ನಾವು ಬೆಂಗಳೂರಿಗೆ ಬಂದು ಕಾಲು ಶತಮಾನವಾದರೂ ನನ್ನ ಬಾಯಿಗೆ ಆ ಪದ ಹೊಂದಲಿಲ್ಲ. ಸಂಗಮೇಶ್ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುವ ಮನುಷ್ಯ. ವಾರವೆಲ್ಲ ಅಲ್ಲಿ ತಪ್ಪು ಹುಡುಕಿ ಸಾಲದೆ ಭಾನುವಾರ ಈ ಕಾಂಕ್ರೀಟಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಹುಡುಕುತ್ತಿದ್ದರು. ಕಾರಿನ ಎಣ್ಣೆ ಒಂದು ಹನಿ ಬಿದ್ದರೆ ಸೋಪಿನ ಪುಡಿ, ಬ್ರಶ್ಶು. ತಿಂಗಳಿಗೊಮ್ಮೆ ಪ್ರೆಶರ್ ಪಂಪಿನ ಸ್ನಾನ. ವರ್ಷಕ್ಕೊಮ್ಮೆ ನೀರು ಇಳಿಯದಂತೆ ಮೇಲೊಂದು ಲೇಪ. ನನ್ನ ಹಿಮ್ಮಡಿ ಒಡೆದು ರಕ್ತ ಬಂದದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ, ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಮಾತ್ರ ಅವತ್ತು ಊಟ ಸೇರುತ್ತಿರಲಿಲ್ಲ.

ಅಂಥವರಿಗೆ ಈ ವರ್ಷದ ವೈರಿ ಎಂದರೆ ಸಂದಿನ ಸೊಪ್ಪು. ಬಿಸಿಲಿಗೆ ಹಿಗ್ಗಿ ಬಿರಿಯದಿರಲೆಂದು ಕಾಂಕ್ರೀಟಿನ ನಡುನಡುವೆ ಸಂದು ಬಿಟ್ಟು ರಬ್ಬರಿನಂಥದ್ದನ್ನು ತುಂಬಿರುತ್ತಾರೆ. ಅದು ಹೋದ ಬೇಸಿಗೆಯಲ್ಲೇ ಕಿತ್ತುಬಂದು, ಜಾಗದಲ್ಲಿ ಮಣ್ಣು ಕೂತಿತ್ತು. ಮಳೆ ಬಿದ್ದದ್ದೇ ತಡ, ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಹೊನಗೊನ್ನೆ ಎಲ್ಲ ನಾ ಮುಂದು ತಾ ಮುಂದು ಎಂದು ಎದ್ದವು. ಸೊಪ್ಪಿನ ಹಿಂದೆ ಪಿಳ್ಳಮ್ಮಜ್ಜಿಯೂ ಬಂದರು.

ಮಾಕಳಿಯಲ್ಲಿ ನಮ್ಮ ಈ ಲೇಔಟು ಇರುವ ಜಾಗ ಒಂದು ಕಾಲಕ್ಕೆ ಅಜ್ಜಿಯ ರಾಗಿ ಹೊಲ. ಈಗ ಲೇಔಟಿನ ಗೋಡೆಯ ಹಿಂದೆ ಅವರಿಗೆ ದೊಡ್ಡ ಮನೆಯಿದೆ, ಮೇಲೆ ಬಾಡಿಗೆ ಮನೆಗಳಿವೆ, ಮಗ ಮುನಿಕೃಷ್ಣ, ಸೊಸೆ ಮಾಲಾ ಇದ್ದಾರೆ. ಯಾವುದಕ್ಕೂ ಕೊರತೆಯಿಲ್ಲ. ಆದರೆ ಮಳೆಗಾಲದಲ್ಲಿ ನಾಲ್ಕಾರು ಬಗೆಯ ಸೊಪ್ಪು ಬೆರೆಸಿದ ಸಾರು ಮುದ್ದೆಯ ಜೊತೆ ಇಲ್ಲದಿದ್ದರೆ ಅದು ಅಜ್ಜಿಗೆ ಊಟವೇ ಅಲ್ಲ. ಅದಕ್ಕೆ ಬೆಳಕು ಹರಿಯುವ ಹೊತ್ತಿಗೆ ನಮ್ಮ ಗೇಟಿನ ಅಗುಳಿ ಸರಿಸಿ ಒಳಗೆ ಬಂದು, ಸಂದಿನ ಉದ್ದಕ್ಕೂ ಕೂತು ಸರಿಯುತ್ತ ಸೊಪ್ಪು ಬಿಡಿಸುತ್ತಿದ್ದರು. ಬೇರು ಕೀಳುವ ಹಾಗಿಲ್ಲ. ಹೆಬ್ಬೆರಳ ಉಗುರಿನಿಂದ ತುದಿಯನ್ನಷ್ಟೇ ಚಿವುಟಬೇಕು, ಆಗ ಅದು ಮತ್ತೆ ಚಿಗುರುತ್ತದೆ.

ಸಂಗಮೇಶರಿಗೆ ಇದು ಸುತರಾಂ ಆಗುತ್ತಿರಲಿಲ್ಲ. "ನಮ್ಮ ಗೇಟು ಆ ಮುದುಕಿಗೆ ಏನು ಛತ್ರದ ಬಾಗಿಲಾ?" ಎಂದು ಒಳಗೊಳಗೇ ಕುದಿಯುತ್ತಿದ್ದರು, ಎದುರಿಗೆ ಹೇಳುವ ಧೈರ್ಯ ಇರಲಿಲ್ಲ. ಮಳೆಗಾಲ ಮುಗಿಯುವವರೆಗೆ ಸುಮ್ಮನಿರಿ, ಅಜ್ಜಿ ತಿನ್ನಲಿ, ಆಮೇಲೆ ಸಂದು ಮುಚ್ಚಿಸೋಣ ಎಂದು ನಾನು ಅವರನ್ನು ತಡೆದು ಇಟ್ಟಿದ್ದೆ.

ಈಗ ಬೋಳು ಕಾಂಕ್ರೀಟನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು.

"ಏನು ಮಾಡೀರಿ ಇದಕ್ಕ?"

"ಔಷಧಿ ಹಚ್ಚೀನಿ, ನಿನ್ನೆ ಸಂಜಿ. ಕಳೆ ಸುಡೋ ಔಷಧಿ. ನೀರು ಬೆರೆಸಿ ಹೊಡದ್ರ ಕಾಂಕ್ರೀಟಿಗೆ ಕಲೆ ಬೀಳತೈತಿ. ಅದಕ್ಕ ಬ್ರಶ್ಶಿಲೆ ಒಂದೊಂದು ಎಲೀಗೂ ಹಚ್ಚೀನಿ. ಬಾಟ್ಲಿ ಔಷಧಿ ಹಂಗ, ಒಂದು ಹನಿ ನೀರು ಬೆರೆಸದ."

ಹೆಂಡತಿ ಮನೆಯಲ್ಲಿಲ್ಲದ ಹೊತ್ತು ನೋಡಿ ಮಾಡಿದ ಕೆಲಸ. ಬೈಯಲು ಬಾಯಿ ತೆರೆದವಳು ಅದೇಕೋ ಬಗ್ಗಿ ಸಂದಿನೊಳಗೆ ನೋಡಿದೆ. ಸುಟ್ಟ ಗಿಡ ಒಂದೂ ಇರಲಿಲ್ಲ. ಗಿಡದ ದಂಟುಗಳು ಇನ್ನೂ ಹಸಿರಾಗಿ ನಿಂತಿದ್ದವು. ಪ್ರತಿಯೊಂದರ ತುದಿಯೂ ಒಂದೇ ಸಮನಾಗಿ ಮುರಿದಿತ್ತು. ಔಷಧಿಗೆ ಉಗುರಿರುವುದಿಲ್ಲ.

ನಾನು ಅವರ ಕಡೆ ತಿರುಗಿದೆ.

"ರೀ, ಇದು ಸತ್ತಿಲ್ಲ. ಇದನ್ನ ಚಿವುಟ್ಕೊಂಡು ಹೋಗ್ಯಾರ."

"ಹೌದೇನು?" ಅಂದರು ಅವರು. ಚಹಾ ಒಂದು ಗುಟುಕು ಕುಡಿದರು.

ಆ ಗುಟುಕಿನ ಬಗ್ಗೆ ಯೋಚಿಸಲು ಆಗ ನನಗೆ ಪುರುಸೊತ್ತು ಇರಲಿಲ್ಲ. ಬ್ಯಾಗನ್ನು ಅಲ್ಲೇ ಬಿಸಾಕಿ ಅಜ್ಜಿಯ ಮನೆಗೆ ಓಡಿದೆ. ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿದೆ, ಸಾರು ಕುದಿಯುತ್ತಿರಬಹುದು, ಪಾತ್ರೆ ಎತ್ತಿ ಮೋರಿಗೆ ಸುರಿದರಾಯಿತು ಎಂದು ಓಡುವಾಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವರ ಮನೆಗೆ ಬೀಗ ಬಿದ್ದಿತ್ತು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ವೇಣಿ ಎಂಬ ಹುಡುಗಿ ಮೆಟ್ಟಿಲಿಳಿದು ಬಂದಳು. ಅವಳ ಮುಖ ಬಿಳಿಚಿತ್ತು.

"ಅಜ್ಜಿ ಬೆಳಿಗ್ಗೆ ಮುದ್ದೆ ತಿಂತಾ ತಿಂತಾನೇ ವಾಂತಿ ಮಾಡ್ಕೊಂಡ್ರು ಆಂಟಿ. ಬಾಯೆಲ್ಲ ಉರಿ ಉರಿ ಅಂತ ಕಿರುಚ್ತಿದ್ರು. ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಆಮೇಲೆ ಪೊಲೀಸ್ನೋರು ಬಂದು ಸಾರಿನ ಪಾತ್ರೆ ತಗೊಂಡು ಹೋದ್ರು."

"ಪೊಲೀಸ್ ಯಾಕೆ?"

"ಮಾಲಾ ಆಂಟಿ ವಿಷ ಹಾಕಿದ್ರಂತೆ."

ಅವರ ಕಟ್ಟೆಯ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದೆ. ಔಷಧಿಯ ಬಾಟ್ಲಿ ತೆಗೆದುಕೊಂಡು ಲಗೂನ ಆಸ್ಪತ್ರೆಗೆ ಬರ್ರಿ, ಅಜ್ಜಿ ಆ ಸೊಪ್ಪು ತಿಂದಾಳ ಎಂದೆ. ಆ ಕಡೆಯಿಂದ "ಹ್ಞೂಂ" ಅಂದರು.

ಆಸ್ಪತ್ರೆ ತುಮಕೂರು ರಸ್ತೆಯ ಮೇಲೆಯೇ ಇತ್ತು. ತುರ್ತು ವಾರ್ಡಿನ ಹೊರಗೆ ಮಾಲಾ ನೆಲದ ಮೇಲೆ ಕೂತಿದ್ದಳು, ಪಕ್ಕದಲ್ಲಿ ಒಬ್ಬಳು ಮಹಿಳಾ ಪೊಲೀಸು. ಮಾಲಾಳ ಕೆನ್ನೆಯ ಮೇಲೆ ಬೆರಳ ಗುರುತು ಎದ್ದಿತ್ತು. ಹೊಡೆದವನು ಗಂಡ ಮುನಿಕೃಷ್ಣನೇ ಎಂದು ಅವನು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು, ಅವಳ ಕಡೆ ಬೆನ್ನು ತಿರುಗಿಸಿ ಗೋಡೆಗೆ ಹಣೆ ಒತ್ತಿಕೊಂಡಿದ್ದ. ಅವಳು ನನ್ನನ್ನು ನೋಡಿದ್ದೇ, "ಅಕ್ಕ, ನಾನು ಉಪ್ಪು ಹಾಕಿದ್ದು ಅಷ್ಟೇ ಅಕ್ಕ. ಉಪ್ಪು ಬಿಟ್ಟು ಬೇರೇನೂ ಮುಟ್ಟಿಲ್ಲ," ಎಂದು ನನ್ನ ಸೆರಗು ಹಿಡಿದುಕೊಂಡಳು.

ದಾಸಪ್ಪ ಎಂಬ ಹಿರಿಯ ಪೇದೆ ನನಗೆ ವಿಷಯ ಹೇಳಿದ. ಕೊರೋನಾ ಬಂದುಹೋದ ಮೇಲೆ ಪಿಳ್ಳಮ್ಮಜ್ಜಿಗೆ ವಾಸನೆಯೂ ತಿಳಿಯುತ್ತಿರಲಿಲ್ಲ, ರುಚಿಯೂ ತಿಳಿಯುತ್ತಿರಲಿಲ್ಲ. ಇದು ನನಗೂ ಗೊತ್ತಿದ್ದ ಸಂಗತಿ. ಹಾಗಾಗಿ ಸಾರು ಅಜ್ಜಿಯೇ ಮಾಡಿದರೂ ಉಪ್ಪು ಹಾಕುವ ಕೆಲಸ ಸೊಸೆಯದು. ಆ ದಿನ ಬೆಳಿಗ್ಗೆ ಇಬ್ಬರಿಗೂ ಜೋರು ಜಗಳವಾಗಿತ್ತು. ಬಾಡಿಗೆ ಮನೆಗಳ ಒಡತಿ ಕಂಡವರ ಮನೆ ಮುಂದೆ ಕೂತು ಹುಲ್ಲು ಕೀಳುವುದು ಮರ್ಯಾದೆಯಾ ಎಂದು ಮಾಲಾ ಕೇಳಿದ್ದಳು. ಅಜ್ಜಿಯೂ ಸುಮ್ಮನಿರುವವರಲ್ಲ, ಸರಿಯಾಗಿ ಕೊಟ್ಟಿದ್ದರು. ಅಷ್ಟಾದ ಮೇಲೆ ಮಾಲಾ ಸಿಟ್ಟಿನಲ್ಲೇ ಸಾರಿಗೆ ಉಪ್ಪು ಹಾಕಿ ಹೋದಳು. ಆ ಸೊಪ್ಪನ್ನು ಮನೆಯಲ್ಲಿ ಬೇರೆ ಯಾರೂ ತಿನ್ನುವುದಿಲ್ಲ. ಮೊದಲ ತುತ್ತುಗಳು ಇಳಿದ ಮೇಲೆ ಅಜ್ಜಿಯ ಬಾಯಿ ಸುಡಲು ಶುರುವಾಯಿತು. ತಾನು ಕೈಯಾರೆ ಬಿಡಿಸಿ ತಂದು, ತೊಳೆದು, ಬೇಯಿಸಿದ ಸಾರು. ನಡುವೆ ಪಾತ್ರೆ ಮುಟ್ಟಿದವಳು ಸೊಸೆ ಒಬ್ಬಳೇ. ಅಜ್ಜಿ ಇನ್ನೇನು ತಿಳಿದಾರು?

"ಸೊಸೆನೇ ಏನೋ ಆಕವ್ಳೆ ಅಂತ ಹೇಳಿಕೆ ಕೊಟ್ಟಿದಾರೆ ಮೇಡಂ. ಅವ್ರ ಅಟ್ಟದ ಮೇಲೆ ಕಳೆ ಔಷಧಿದು ಒಂದು ಹಳೇ ಬಾಟ್ಲಿನೂ ಸಿಕ್ತು," ಅಂದ ದಾಸಪ್ಪ.

"ಅದಲ್ಲ! ಔಷಧಿ ಸೊಪ್ಪಿನ ಮೇಲೇ ಇತ್ತು. ಆ ಸೊಪ್ಪು ನಮ್ಮ ಮನೆ ಮುಂದಿಂದು. ನಮ್ಮನೆಯವ್ರು ನಿನ್ನೆ ಸಂಜೆ ಹಚ್ಚಿದಾರೆ," ಎಂದು ನಾನು ಕೂಗಿದೆ. ವಾರ್ಡಿನ ಜನ ಎಲ್ಲ ತಿರುಗಿ ನೋಡಿದರು.

ಮುನಿಕೃಷ್ಣ ಗೋಡೆಯಿಂದ ಹಣೆ ಎತ್ತಿದ. "ಅಕ್ಕ, ಸುಮ್ನಿರಿ. ನೀವೂ ಅವ್ಳೂ ಒಂದೇ ಅಂತ ನಂಗೊತ್ತು. ಅವ್ಳನ್ನ ಉಳಿಸೋಕೆ ಇಂಗೆಲ್ಲ ಕತೆ ಕಟ್ಬೇಡಿ."

"ಕತೆ ಯಾಕೆ ಕಟ್ಲಿ ಮುನಿಕೃಷ್ಣ? ಅವ್ರೇ ಬರ್ತಿದಾರೆ, ಬಾಟ್ಲಿ ತಗೊಂಡು."

ಅವರು ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಮತ್ತೆ ಮಾಡಿದೆ, ಮತ್ತೆ ಅದೇ. ನನಗೆ ನಾಚಿಕೆಯಾಯಿತು, ಆಮೇಲೆ ಭಯವಾಯಿತು. ಏನೋ ಅಪಘಾತವಾಗಿರಬೇಕು ಎಂದೂ ಅನ್ನಿಸಿತು. ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದು ಮುನಿಕೃಷ್ಣನನ್ನು ಕರೆದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸುತ್ತಿಬಳಸಿ ಹೇಳಲು ಇನ್ನೂ ಕಲಿತಿರಲಿಲ್ಲ.

"ಮೂತ್ರದ ಪರೀಕ್ಷೆಯಲ್ಲಿ ಗೊತ್ತಾಗಿದೆ, ಕಳೆ ಔಷಧಿನೇ. ಇದಕ್ಕೆ ಮದ್ದು ಅಂತ ಇಲ್ಲ. ಇವತ್ತು ನಾಳೆ ಚೆನ್ನಾಗೇ ಮಾತಾಡ್ತಾರೆ, ಹುಷಾರಾದ್ರು ಅಂತ್ಲೇ ನಿಮಗೆ ಅನ್ಸುತ್ತೆ. ಆಮೇಲೆ ಉಸಿರಾಟಕ್ಕೆ ತೊಂದರೆ ಶುರುವಾಗುತ್ತೆ. ನಮ್ಮ ಪ್ರಯತ್ನ ನಾವು ಮಾಡ್ತೀವಿ. ಆದ್ರೆ ನೀವು ತಯಾರಿರಿ."

ಮುನಿಕೃಷ್ಣ ಮಗುವಿನ ಹಾಗೆ ಅಳತೊಡಗಿದ. ದಾಸಪ್ಪ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಮೇಡಂ, ನೀವು ಹೇಳೋದು ನಿಜ ಇದ್ರೆ ಬೇಗ ಸಾಕ್ಷಿ ತಗೊಂಬನ್ನಿ. ಅಜ್ಜಿ ಹೋಗ್ಬಿಟ್ರೆ ಅವ್ರು ಕೊಟ್ಟಿರೋ ಹೇಳಿಕೆನೇ ಗಟ್ಟಿಯಾಗುತ್ತೆ. ಸಾಯೋರ ಮಾತನ್ನ ಕೋರ್ಟು ತಳ್ಳಿಹಾಕೋದು ಕಷ್ಟ. ಈಯಮ್ಮ ಹೊರಗೆ ಬರೋದು ಅಷ್ಟು ಸುಲಭ ಅಲ್ಲ."

ಮಾಲಾ ಅದನ್ನು ಕೇಳಿಸಿಕೊಂಡಳು. ಅವಳು ಅಳುವುದನ್ನೂ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಆಟೋ ಹಿಡಿದು ಮನೆಗೆ ಬಂದೆ.

ಬೀದಿಯ ತಿರುವಿನಲ್ಲೇ ಪ್ರೆಶರ್ ಪಂಪಿನ ಸದ್ದು ಕೇಳಿಸಿತು. ಕಿವಿ ಸುಳ್ಳು ಹೇಳುತ್ತಿದೆ ಅಂದುಕೊಂಡೆ. ಗೇಟು ತೆರೆದೆ. ಸಂಗಮೇಶ್ ಚಡ್ಡಿ ಹಾಕಿಕೊಂಡು, ಪೈಪು ಹಿಡಿದು ಕಾಂಕ್ರೀಟು ತೊಳೆಯುತ್ತಿದ್ದರು. ಹೊಸ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಪೋರ್ಟಿಕೋದ ಕಡೆಯ ಸಂದುಗಳಲ್ಲಿ ಬೂದುಬಣ್ಣದ ಹೊಸ ಅಂಟು ತುಂಬಿತ್ತು, ನೀಟಾಗಿ, ಬೆರಳಲ್ಲಿ ಸವರಿ ಸಮ ಮಾಡಿ. ಅಲ್ಲೊಂದು ಹೆಣ್ಣುಜೀವ ಸಾಯುತ್ತಿದೆ, ಇನ್ನೊಂದು ಜೈಲಿಗೆ ಹೊರಟಿದೆ, ಇಲ್ಲಿ ಈ ಮನುಷ್ಯ ಸಂದು ಮುಚ್ಚುತ್ತಿದ್ದಾರೆ. ನಾನು ಹೋಗಿ ಪಂಪಿನ ಸ್ವಿಚ್ಚು ಆರಿಸಿದೆ.

"ಬಾಟ್ಲಿ ಎಲ್ಲೈತಿ?"

"ಯಾವ ಬಾಟ್ಲಿ?"

"ಔಷಧಿ ಬಾಟ್ಲಿ!"

"ಯಾವ ಔಷಧಿ ಶೈಲಾ?"

ಮುಖ ನೋಡಿಕೊಂಡೇ ಕೇಳಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು, ಒಂದೇ ಮಂಚದಲ್ಲಿ ಮಲಗಿದ ಗಂಡಸು, ನನ್ನ ಕಣ್ಣೊಳಗೆ ಕಣ್ಣಿಟ್ಟು, ಯಾವ ಔಷಧಿ ಅಂದರು. ಕಾರಿನ ಕೆಳಗೆ ಬೆಕ್ಕು ಮಲಗಿದ್ದರೆ ಬಗ್ಗಿ ಎಬ್ಬಿಸಿ, ಅದು ಮೈಮುರಿದು ಹೋಗುವವರೆಗೆ ಕಾದು ಕಾರು ತೆಗೆಯುವವರು ಇವರೇ.

"ಮಾಲಾನ್ನ ಹಿಡ್ಕೊಂಡು ಕೂತಾರ್ರೀ ಪೊಲೀಸ್ರು. ಆ ಹುಡುಗಿ ಏನೂ ಮಾಡಿಲ್ಲ. ನೀವು ಬಂದು ಒಂದು ಮಾತು ಹೇಳ್ರಿ."

"ನಾ ಹೇಳಿದ್ರ ನನ್ನ ಹಿಡೀತಾರ. ನೌಕರಿ ಹೋಗತೈತಿ. ಅವರ ಮನಿ ಜಗಳ ಅದು, ಅವರು ನೋಡ್ಕೋತಾರ. ನಾ ನನ್ನ ಮನಿ ಮುಂದಿನ ಕಳೆಗೆ ಔಷಧಿ ಹಾಕ್ಕೊಂಡ್ರ ಅದು ತಪ್ಪಾ? ಬೆಳಕು ಹರಿಯೋ ಮೊದ್ಲ ಬಂದು, ಬುಟ್ಟಿ ತುಂಬ ಕಿತ್ಕೊಂಡು, ಗೇಟು ಸುದ್ದಾ ಹಾಕದ ಹೋಗ್ತಾಳ ಅಂದ್ರ..."

ಮಾತು ಅರ್ಧಕ್ಕೆ ನಿಂತಿತು. ಯಾಕೆ ನಿಂತಿತು ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

"ಗೇಟು ಹಾಕಲಿಲ್ಲ ಅಂತ ನಿಮಗ ಹೆಂಗ ಗೊತ್ತು?"

ಅವರು ಪೈಪು ಸುತ್ತತೊಡಗಿದರು.

"ರೀ. ನೋಡಿದ್ರೇನು ನೀವು?"

"ಮ್ಯಾಲೆ ಬಾಲ್ಕನ್ಯಾಗ ಇದ್ದೆ," ಅಂದರು. ದನಿ ಎಲ್ಲೋ ಆಳದಿಂದ ಬಂದ ಹಾಗಿತ್ತು. "ಹಲ್ಲು ಉಜ್ಜಾಕತ್ತಿದ್ದೆ. ಕೂಗಬೇಕು ಅಂತ ಬಾಯಿತನಕ ಬಂತು ಶೈಲಾ. ಕೂಗಿದ್ರ ಜಗಳ ತೆಗೀತಾಳ. ಔಷಧಿ ಯಾಕ ಹಾಕಿದಿ ಅಂತ ಓಣಿ ಕೂಡಿಸ್ತಾಳ. ಹೆಂಗೂ ಮನಿಗೆ ಹೋಗಿ ತೊಳೀತಾಳ, ಏನಾಗಲ್ಲ ಅಂದ್ಕೊಂಡೆ. ಆಕಿ ಕಿತ್ಕೊಂಡು ಹೋದ್ರ ನನಗೂ ಒಂದು ಕೆಲಸ ಕಡಿಮಿ ಆತು ಅಂತನೂ ಅನ್ನಿಸಿತು."

"ಅಜ್ಜೀ" ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, ಮುದುಕಿ ಒಂದೊಂದೇ ತುದಿ ಚಿವುಟಿ ಬುಟ್ಟಿಗೆ ಹಾಕುವುದನ್ನು ನೋಡುತ್ತ ನಿಂತಿದ್ದರು. ಆಮೇಲೆ ಮುಖ ತೊಳೆದು ಚಹಾ ಮಾಡಿಕೊಂಡರು. ನಾನು ಬಂದಾಗ, ಹೆಂಗೈತಿ ನೋಡು ಎಂದರು. ಅಸಹ್ಯವಾಯಿತು ನನಗೆ. ಈ ಮನುಷ್ಯ ಕೆಟ್ಟವನಲ್ಲ ಎಂದು ನಾನು ನನ್ನ ಅಕ್ಕನ ಹತ್ತಿರ, ನನ್ನ ಹತ್ತಿರ, ಶಿವನ ಹತ್ತಿರ ಎಷ್ಟು ಸಲ ಹೇಳಿದ್ದೆ.

ಅವರ ಸಾಮಾನಿನ ಪೆಟ್ಟಿಗೆಯಿಂದ ದೊಡ್ಡ ಸ್ಕ್ರೂಡ್ರೈವರ್ ತೆಗೆದು ನಾನು ಸಂದಿನ ಮುಂದೆ ಕೂತೆ. ಅಂಟು ಇನ್ನೂ ಮೆತ್ತಗಿತ್ತು. ಮೀಟಿದರೆ ಉದ್ದಕ್ಕೆ ಎದ್ದು ಬಂತು. ಅವಸರದಲ್ಲಿ ಗಿಡ ಕೀಳದೆ ಮೇಲೆಯೇ ತುಂಬಿದ್ದರು. ಕೆಳಗೆ ದಂಟುಗಳು ಮುದುಡಿ ಬಿದ್ದಿದ್ದವು, ಕಂದು ತಿರುಗಲು ಶುರುವಾಗಿತ್ತು, ತುದಿಯ ಚಿವುಟು ಮಾತ್ರ ಹಾಗೆಯೇ ಇತ್ತು. ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಒಂದೊಂದನ್ನೇ ಬೇರು ಸಮೇತ ಎಳೆದು ಇನ್ನೊಂದು ಕವರಿಗೆ ಹಾಕಿದೆ. ಅವರು ನಿಂತು ನೋಡಿದರು. ತಡೆಯಲಿಲ್ಲ.

ನಾನು ಗೇಟು ದಾಟುವಷ್ಟರಲ್ಲಿ ಕಾರು ತೆಗೆದರು. "ಕೂಡು. ನಾನ ಬಂದು ಹೇಳ್ತೀನಿ. ಗೊತ್ತಿಲ್ಲದ ಆತು ಅಂತೀನಿ. ಕಳೆಗೆ ಹಾಕಿದ್ದೆ, ಅಜ್ಜಿ ಕೀಳ್ತಾಳ ಅಂತ ಗೊತ್ತಾಗಲಿಲ್ಲ ಅಂತೀನಿ. ಮಾಲಾನ್ನ ಬಿಡ್ತಾರ. ಬಾಲ್ಕನಿ ವಿಷಯ ಮಾತ್ರ ಬ್ಯಾಡ. ನಿನಗ ಕೈ ಮುಗೀತೀನಿ ಶೈಲಾ, ಅದೊಂದು ಬ್ಯಾಡ." ಹಸಿ ಅಂಟಿನ ಮೇಲೆ ಟೈರು ಹತ್ತಿ ಅಚ್ಚು ಮೂಡಿತು. ಅವರು ಅದನ್ನು ನೋಡಲೂ ಇಲ್ಲ. ದಾರಿಯುದ್ದಕ್ಕೂ ಅದೇ ನಾಲ್ಕು ಮಾತುಗಳನ್ನು ಬಾಯಿಪಾಠ ಮಾಡಿದರು. ನಾನು ಹ್ಞೂಂ ಎನ್ನಲೂ ಇಲ್ಲ, ಊಹ್ಞೂಂ ಎನ್ನಲೂ ಇಲ್ಲ. ನನಗೆ ಬೇಕಾಗಿದ್ದುದು ಮಾಲಾ ಮನೆಗೆ ಹೋಗುವುದು. ಅದಕ್ಕೆ ಇಷ್ಟು ಸಾಕಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಆ ಲೆಕ್ಕಕ್ಕೂ ನನಗೆ ಗಾಬರಿಯಾಯಿತು.

ಅಜ್ಜಿಯನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ತುಟಿ ಊದಿಕೊಂಡಿತ್ತು, ನಾಲಿಗೆಯ ಮೇಲೆ ಬೊಬ್ಬೆ. ಕಣ್ಣು ಮಾತ್ರ ಚುರುಕಾಗೇ ಇತ್ತು. ಡಾಕ್ಟರಮ್ಮ ಹೇಳಿದ ಹಾಗೆಯೇ, ನೋಡಿದವರು ನಾಳೆ ಎದ್ದು ಮನೆಗೆ ಹೋಗುತ್ತಾರೆ ಅನ್ನಬೇಕು. ದಾಸಪ್ಪ ಸ್ಟೂಲಿನ ಮೇಲೆ ಕೂತ. ಮುನಿಕೃಷ್ಣ ತಾಯಿಯ ಕಾಲ ಬಳಿ ನಿಂತಿದ್ದ.

ಸಂಗಮೇಶ್ ಹೇಳಿದರು. ಬಾಯಿಪಾಠ ಮಾಡಿದ್ದನ್ನು ಒಂದು ಅಕ್ಷರ ತಪ್ಪದೆ, ಮಧ್ಯೆ ಮಧ್ಯೆ ಕನ್ನಡಕ ಒರೆಸಿಕೊಂಡು ಹೇಳಿದರು. ನಾನು ಕವರನ್ನು ಹಾಸಿಗೆಯ ಮೇಲೆ ಬಿಚ್ಚಿದೆ.

ಅಜ್ಜಿ ಮುಂದೆ ಬಗ್ಗಿದರು. ಮುಟ್ಟಬೇಡಿ ಎಂದು ದಾಸಪ್ಪ ಅಂದ, ಅವರು ಮುಟ್ಟಲಿಲ್ಲ. ಒಂದೊಂದೇ ದಂಟಿನ ತುದಿ ನೋಡಿದರು. ಆಮೇಲೆ ತಮ್ಮ ಬಲಗೈಯ ಹೆಬ್ಬೆರಳು ಎತ್ತಿ ಅದರ ಉಗುರನ್ನು ನೋಡಿಕೊಂಡರು.

"ನಂದೇ ಕಣಪ್ಪ ಇದು. ಕಿತ್ತೋಳೂ ನಾನೇ, ಬೇಸ್ದೋಳೂ ನಾನೇ. ಅಯ್ಯೋ ಮುನೇಶ್ವರ. ಮಾಲಾ ಎಲ್ಲವ್ಳೆ?"

ಮಾಲಾ ಬಾಗಿಲಲ್ಲಿದ್ದಳು. ಒಳಗೆ ಬರಲಿಲ್ಲ.

"ಬಾರವ್ವ ಇತ್ಲಾಗೆ. ನಾನು ಏನಂದ್ಬುಟ್ಟೆ ನಿನ್ನ. ನನ್ ನಾಲ್ಗೆ ಸುಟ್ಟೋಗಿದ್ದು ಸರ್ಯಾಗೇ ಆಯ್ತು."

"ನಿಮ್ಗೆ ರುಚಿ ಗೊತ್ತಾಗಲ್ಲ ಅಂತ ಉಪ್ಪು ಹಾಕ್ದೆ ಅತ್ತೆ," ಅಂದಳು ಮಾಲಾ. "ಸಿಟ್ಟಲ್ಲಿದ್ರೂ ಅಳತೆ ನೋಡಿ ಹಾಕ್ದೆ. ಇವ್ರು ಹೊಡೆದಿದ್ದು ಹೋಗ್ಲಿ. ನೀವು ಹೆಂಗಂದ್ರಿ ಅತ್ತೆ ಅದನ್ನ?"

ಮುನಿಕೃಷ್ಣ ಹೆಂಡತಿಯ ಕಡೆ ಒಂದು ಹೆಜ್ಜೆ ಇಟ್ಟ, ಅವಳು ಹಿಂದೆ ಸರಿದಳು, ಅವನು ಅಲ್ಲೇ ನಿಂತ. ಅಜ್ಜಿ ದಾಸಪ್ಪನ ಕಡೆ ತಿರುಗಿ, ಸೊಸೆಯದು ಏನೂ ತಪ್ಪಿಲ್ಲ, ಬರ್ಕೊಳಪ್ಪ ಎಂದು ಗಟ್ಟಿಯಾಗಿ ಹೇಳಿದರು. ದಾಸಪ್ಪ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡ. ಡಾಕ್ಟರಮ್ಮನೂ ಸಾಕ್ಷಿ ಹಾಕಿದರು. ಮಹಿಳಾ ಪೊಲೀಸು ಮಾಲಾಳ ಪಕ್ಕದಿಂದ ದೂರ ಸರಿದು ನಿಂತಳು.

"ಸಾರ್, ಗೊತ್ತಿಲ್ದೆ ಆಗಿದ್ರೂ ಕೇಸು ಆಗುತ್ತೆ. ಸ್ಟೇಷನ್‌ಗೆ ಬರ್ಬೇಕಾಗುತ್ತೆ," ಅಂದ ದಾಸಪ್ಪ ಸಂಗಮೇಶರಿಗೆ. "ಆದ್ರೆ ಕೊಲೆ ಗಿಲೆ ಅಂತೇನೂ ಅಲ್ಲ. ಹೆದರ್ಕೋಬೇಡಿ."

ನನ್ನ ಗಂಡ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಿಜ ಹೇಳುತ್ತೇನೆ, ನಾನೂ ಬಿಟ್ಟೆ. ಮಾಲಾ ಉಳಿದಳು. ಇನ್ನು ಉಳಿದದ್ದು ಗಂಡ ಹೆಂಡತಿಯ ನಡುವಿನ ಮಾತು, ಮನೆಯೊಳಗೇ ಇರಲಿ ಅನ್ನಿಸಿಬಿಟ್ಟಿತು.

ಅಜ್ಜಿ ಇನ್ನೂ ಏನೋ ಯೋಚಿಸುತ್ತಿದ್ದರು. ಅವರ ಕಣ್ಣು ಸಂಗಮೇಶರ ಮೇಲಿತ್ತು, ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದವರು ಮತ್ತೆ ಮೊದಲಿನಿಂದ ಕೂಡಿಸುವಾಗ ನೋಡುವ ಹಾಗೆ.

"ಅಲ್ಲ ಸಾಮಿ," ಅಂದರು. ಊದಿದ ತುಟಿಯಿಂದ ಮಾತು ನಿಧಾನವಾಗಿ ಬರುತ್ತಿತ್ತು. "ನಾನು ಸೊಪ್ಪು ಬುಡಿಸ್ವಾಗ ಮ್ಯಾಲೆ ಯಾರೋ ಬಾಯಿ ಮುಕ್ಕಳಿಸ್ತಿದ್ರು. ನೀರು ಉಗ್ದಿದ್ದೂ ಕೇಳುಸ್ತು. ಮನೇನೋರು ಎದ್ದವ್ರೆ, ಕಿತ್ಕೋಬ್ಯಾಡ ಅಂದ್ರೆ ಎದ್ದೋಗಾನ ಅಂತ ಒಂದ್ಗಳಿಗೆ ಕೈ ತಡೆದು ಕುಂತಿದ್ದೆ. ಯಾರೂ ಏನೂ ಅನ್ನಿಲ್ಲ. ಅಂಗಾರೆ ಕಿತ್ಕೋ ಅಂತ್ಲೇ ಅರ್ಥ ಅಂತ ಪೂರಾ ಕಿತ್ಕೊಂಡೆ."

ಸಂಗಮೇಶ್ ನನ್ನ ಕಡೆ ನೋಡಿದರು. ತಲೆಯನ್ನು ಕಾಣಿಸಿಯೂ ಕಾಣಿಸದ ಹಾಗೆ ಅಡ್ಡಡ್ಡ ಆಡಿಸಿದರು. ಅವರ ಎರಡು ಕೈಯೂ ಹೊಟ್ಟೆಯ ಹತ್ತಿರ ಜೋಡಿಸಿಕೊಂಡಿದ್ದವು.

"ಯಾರವ್ವ ಅದು?" ಎಂದು ಅಜ್ಜಿ ಈ ಸಲ ನನ್ನನ್ನು ಕೇಳಿದರು. "ನೀನೇನು?"

ನಾನು ಸಂಗಮೇಶರ ಜೋಡಿಸಿದ ಕೈಗಳನ್ನು ನೋಡಿದೆ.

"ನಾನು ಮನೇಲಿರ್ಲಿಲ್ಲ ಅಜ್ಜಿ," ಅಂದೆ. "ಇವ್ರೇ. ನೋಡ್ತಾ ನಿಂತಿದ್ರು. ಕೂಗ್ಲಿಲ್ಲ."